ಹೊಸ್ತಿಲು ದಾಟದ ಕಾಗದ

ನಮ್ಮ ಹಿರೇಕೆರೂರು ಸೀಮೆಯಲ್ಲಿ ಕೇಳಿದರೆ ಎತ್ತು ಕೊಡುತ್ತಾರೆ. ಬಿತ್ತಿಗೆಯ ಹೊತ್ತಿಗೆ ಕೂರಿಗೆ ಕೊಡುತ್ತಾರೆ, ಮದುವೆಗೆ ಹಂಡೆ ಕೊಪ್ಪರಿಗೆ ಕೊಡುತ್ತಾರೆ, ಒಂದಿಷ್ಟು ಗೊಣಗಿಕೊಂಡಾದರೂ ಮೋಟಾರ್‌ಸೈಕಲ್ಲಿನ ಚಾವಿ ಕೊಡುತ್ತಾರೆ. ಕಾಗದ ಮಾತ್ರ ಕೊಡುವುದಿಲ್ಲ. ಖರೇದಿ ಪತ್ರ, ವಾಟಣಿ ಪತ್ರ, ಸೊಸೈಟಿ ಸಾಲ ತೀರಿಸಿದ ಪಾವತಿ, ಅಜ್ಜನ ಕಾಲದ ಉತಾರ, ಇವೆಲ್ಲ ಹಸಿರು ಬಣ್ಣದ ತಗಡಿನ ಟ್ರಂಕಿನಲ್ಲಿ, ಹಳೆಯ ಇಳಕಲ್ ಸೀರೆಯ ತುಂಡಿನೊಳಗೆ ಗಂಟು ಕಟ್ಟಿಸಿಕೊಂಡು, ನುಸಿಗುಳಿಗೆಯ ವಾಸನೆ ಕುಡಿಯುತ್ತ ಮಲಗಿರುತ್ತವೆ. ಟ್ರಂಕಿನ ಕೀಲಿಕೈ ಮನೆಯ ಹಿರಿಯಳ ಸೊಂಟದಲ್ಲಿರುತ್ತದೆ. ಟ್ರಂಕು ಯಜಮಾನನದು, ಕೀಲಿಕೈ ಯಜಮಾನತಿಯದು. ಇಬ್ಬರೂ ಒಪ್ಪದೆ ಒಂದು ಹಾಳೆಯೂ ಬೆಳಕು ಕಾಣದು. ಅಧಿಕಾರವನ್ನು ಹೀಗೆ ಹಂಚಿಡುವ ಉಪಾಯ ರಾಜ್ಯಶಾಸ್ತ್ರ ಓದಿದವರಿಗಿಂತ ಮೊದಲೇ ನಮ್ಮ ಮುತ್ತಜ್ಜಂದಿರಿಗೆ ತಿಳಿದಿತ್ತು.

ಹೊರಗೆ ಹೋದ ಕಾಗದ ತಿರುಗಿ ಬಂದಿಲ್ಲ ಎಂಬುದಕ್ಕೆ ಪ್ರತಿ ಮನೆಯಲ್ಲೂ ಒಂದು ಕಥೆ ಇರುತ್ತದೆ. ಯಾವನೋ ವಕೀಲನ ಹತ್ತಿರ ಹೋದದ್ದು, ಯಾವನೋ ಅಳಿಯ ನೋಡಿ ಕೊಡುತ್ತೇನೆಂದು ಒಯ್ದದ್ದು, ಮಳೆಗಾಲದ ಬಸ್ಸಿನಲ್ಲಿ ಚೀಲದ ಸಮೇತ ರಾಣೆಬೆನ್ನೂರಿಗೆ ಹೋಗಿ ಅಲ್ಲೇ ಉಳಿದದ್ದು. ಹೀಗಾಗಿ ಪೇಟೆಯ ಝೆರಾಕ್ಸ್ ಅಂಗಡಿಗೆ ಹೋಗುವುದೆಂದರೆ ಸಣ್ಣ ದಿಬ್ಬಣ. ಕಾಗದ ಹಿಡಿಯುವವನೊಬ್ಬ, ಕಾಗದ ಹಿಡಿದವನನ್ನು ನೋಡಿಕೊಳ್ಳುವವನೊಬ್ಬ. ಅಂಗಡಿಯವನು ಮುಚ್ಚಳ ಮುಚ್ಚಿದ ಕೂಡಲೇ ಇಬ್ಬರೂ ಬಗ್ಗಿ, ಸಂದಿಯಲ್ಲಿ ಹೊರಬೀಳುವ ಹಸಿರು ಬೆಳಕನ್ನು ಅನುಮಾನದಿಂದ ನೋಡುತ್ತಾರೆ.

ಇಂಥ ಊರಿಗೆ, ಕಾಗದವನ್ನು ತನ್ನ ಹತ್ತಿರ ಕರೆಸಿಕೊಳ್ಳದೆ ತಾನೇ ಕಾಗದದ ಹತ್ತಿರ ಹೋಗುವ ಯಂತ್ರವೊಂದು ಬಂತು. ತಂದವನು ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗ. ಯಾವಾಗಲೋ ಆನ್‌ಲೈನಿನಲ್ಲಿ ತರಿಸಿ, ಎರಡು ದಿನ ಆಡಿ, ಫೋನಿನಲ್ಲೇ ಎಲ್ಲ ಆಗುತ್ತದೆಂದು ಬದಿಗಿಟ್ಟಿದ್ದನಂತೆ. ದೀಪಾವಳಿಗೆ ಬಂದಾಗ ಮೇಜಿನ ಮೇಲೆ ಇಟ್ಟು, 'ದೊಡ್ಡಪ್ಪಾ, ನಿಮಗ ಬೇಕಾಗಬಹುದು' ಎಂದು ಹೋದ. ಕೈಯಲ್ಲಿ ಹಿಡಿದು ಕಾಗದದ ಮೇಲೆ ಎಳೆಯುವ ಸ್ಕ್ಯಾನರ್. ಒಂದು ಗೇಣಿಗಿಂತ ತುಸು ಉದ್ದ, ಕೋಲಿನ ಆಕಾರ, ಕೆಳಗೆ ಸಣ್ಣ ಗಾಲಿಗಳು, ಹೊಟ್ಟೆಯಲ್ಲಿ ಎರಡು ಪೆನ್ಸಿಲ್ ಸೆಲ್ಲು, ಬದಿಯಲ್ಲಿ ಉಗುರಿನಷ್ಟು ಮೆಮೊರಿ ಕಾರ್ಡು. ನನ್ನ ಅತ್ತಿಗೆ ಅದನ್ನು ತಿರುವಿ ನೋಡಿ 'ಲಟ್ಟಣಿಗಿ ಆಗಬೇಕಿತ್ತು, ದಪ್ಪ ಸಾಲದು' ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಲಟ್ಟಣಿಗೆ. ಬಳಸುವ ರೀತಿ ನೋಡಿದರೂ ಹೆಸರು ತಪ್ಪಲ್ಲ. ಒತ್ತಬೇಕು, ಆದರೆ ಹೆಚ್ಚು ಒತ್ತಬಾರದು; ಒಂದೇ ಹದದಲ್ಲಿ ಆ ಕಡೆಯಿಂದ ಈ ಕಡೆಗೆ ತರಬೇಕು; ನಡುವೆ ಯಾರಾದರೂ ಮಾತಾಡಿಸಿದರೆ ಹಾಳೆ ಸೊಟ್ಟಗಾಗುತ್ತದೆ.

ಇದರ ಕೆಲಸ ಕೇಳಲು ಸರಳ. ಕೋಲಿನ ಅಡಿಯಲ್ಲಿ ಉದ್ದಕ್ಕೂ ಒಂದು ಸಾಲು ಬೆಳಕಿನ ಕಣ್ಣುಗಳಿವೆ. ಪಕ್ಕದಲ್ಲೇ ಇರುವ ಎಲ್‌ಇಡಿ ದೀಪ ಕಾಗದದ ಮೇಲೆ ಬೆಳಕು ಚೆಲ್ಲುತ್ತದೆ, ಕಣ್ಣುಗಳು ಆ ಕ್ಷಣ ತಮ್ಮ ಕೆಳಗಿರುವ ಒಂದೇ ಒಂದು ಗೆರೆಯನ್ನು ಓದುತ್ತವೆ. ಇಡೀ ಪುಟ ಅದಕ್ಕೆ ಎಂದೂ ಕಾಣುವುದಿಲ್ಲ. ಗಾಲಿ ಉರುಳಿದಷ್ಟೂ ಮುಂದಿನ ಗೆರೆ, ಮತ್ತೆ ಅದರ ಮುಂದಿನದು. ಗಾಲಿ ನಿಂತರೆ ಓದೂ ನಿಂತಿತು. ಅಂಗುಲಕ್ಕೆ 300 ಚುಕ್ಕಿಯ ಲೆಕ್ಕದಲ್ಲಿ ಒಂದು ಎ-4 ಹಾಳೆ ಮುಗಿಸಿದರೆ ಸುಮಾರು 87 ಲಕ್ಷ ಚುಕ್ಕಿಗಳಾಗುತ್ತವೆ. ಅವಸರ ಮಾಡಿ ಎಳೆದರೆ ಕೆಂಪು ದೀಪ ಹತ್ತಿ 'ನನ್ನಿಂದ ಆಗದು' ಎನ್ನುತ್ತದೆ. ಕೈ ವಾಲಿದರೆ ಖರೇದಿ ಪತ್ರದ ಚತುಸ್ಸೀಮೆಯೇ ವಾಲಿ, ಮೂಡಲಕ್ಕಿರುವ ಹಳ್ಳ ತೆಂಕಲಿಗೆ ತಿರುಗಿದ ಹಾಗೆ ಕಾಣುತ್ತದೆ.

ಇದರಲ್ಲಿ ನನಗೆ ಖುಷಿಯಾದ ಸಂಗತಿಯೊಂದುಂಟು. ಯಂತ್ರ ತಂದ ಹುಡುಗನ ಕೈಯಲ್ಲಿ ಪುಟಗಳೆಲ್ಲ ಹಾವಿನ ಹಾದಿ ಹಿಡಿಯುತ್ತಿದ್ದವು. ಅವನು ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವನು. ಅದೇ ಯಂತ್ರವನ್ನು ಪಕ್ಕದ ಮನೆಯ ಮುದುಕನ ಕೈಗೆ ಕೊಟ್ಟು ನೋಡಿದೆ. ಜನ್ಮವೆಲ್ಲ ಕೂರಿಗೆಯ ಹಿಂದೆ ನಡೆದು ಗೋವಿನಜೋಳ, ಹತ್ತಿ ಬಿತ್ತಿದವರು. ಒಂದು ಸಲ ಕೆಮ್ಮಿ, ಉಸಿರು ಹಿಡಿದು, ಮೇಲಿನಿಂದ ಕೆಳಗೆ ಎಳೆದರು ನೋಡಿ, ಒಂದಕ್ಷರ ಅಲ್ಲಾಡಲಿಲ್ಲ. 'ಸಾಲು ಹಿಡಿಯೂದು ಕಣ್ಣಿನ ಕೆಲಸಲ್ಲ ತಮ್ಮಾ, ಮೊಣಕೈದು' ಎಂದರು. ಯಂತ್ರದ ಜೊತೆಗೆ ಬಂದ ಇಂಗ್ಲಿಷ್ ಕೈಪಿಡಿಯಲ್ಲಿ ಈ ಮಾತು ಇಲ್ಲ.

ಯಂತ್ರ ಒಪ್ಪಿದರೂ ಊರು ಒಪ್ಪಬೇಕಲ್ಲ. ಈಗ ನಮ್ಮಲ್ಲಿ ಎಳನೀರಿನವನಿಂದ ಹಿಡಿದು ಮಿರ್ಚಿ ಭಜಿಯವನ ತನಕ ಎಲ್ಲರ ಮುಂದೆಯೂ ಚೌಕಳಿ ಚೌಕಳಿ ಚಿತ್ರದ ಕ್ಯೂಆರ್ ಕೋಡ್ ನಿಂತಿದೆ. ಸ್ಕ್ಯಾನ್ ಮಾಡಿದರೆ ರೊಕ್ಕ ಹೋಗುತ್ತದೆ ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು. ನಾನು ದೊಡ್ಡಪ್ಪನ ಮನೆಗೆ ಹೋಗಿ, ನಿಮ್ಮ ಕಾಗದಪತ್ರ ಎಲ್ಲ ಸ್ಕ್ಯಾನ್ ಮಾಡಿ ಕೊಡುತ್ತೇನೆ ಎಂದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, 'ಯಾರ ಖಾತೇದಾಗಿಂದ ಕಟ್ ಆಗತೈತಿ?' ಎಂದು ಕೇಳಿದರು. ಯಾರದೂ ಆಗುವುದಿಲ್ಲ ಎಂದೆ. ಅನುಮಾನ ಇನ್ನೂ ಹೆಚ್ಚಾಯಿತು. ರೊಕ್ಕ ಹೋಗದೆ ಆಗುವ ಕೆಲಸದ ಮೇಲೆ ನಮ್ಮವರಿಗೆ ಎಂದೂ ನಂಬಿಕೆಯಿಲ್ಲ. ಕಡೆಗೆ ದೊಡ್ಡಮ್ಮ ಗೋಡೆಗೆ ಬೆನ್ನು ಹಚ್ಚಿ ಕೂತು, ಟ್ರಂಕನ್ನು ಕಾಲ ಬಳಿ ಎಳೆದುಕೊಂಡು, ಒಂದು ಕಾಗದ ಹೊರಗೆ ಬಂದು ಒಳಗೆ ಹೋದ ಮೇಲೆ ಇನ್ನೊಂದು ಎಂಬ ಕರಾರಿನ ಮೇಲೆ ಕೀಲಿ ತೆಗೆದಳು. ಸೆಲ್ಲು ಸತ್ತಾಗ ಗೋಡೆಯ ಗಡಿಯಾರದ ಸೆಲ್ಲು ತೆಗೆದು ಹಾಕಿದೆವು. ಆ ಮನೆಯಲ್ಲಿ ಆ ಮಧ್ಯಾಹ್ನ ಎಷ್ಟು ಹೊತ್ತು ನಡೆಯಿತೆಂದು ಹೇಳುವಂತಿಲ್ಲ.

ಟ್ರಂಕಿನ ಮೇಲ್ಭಾಗದಲ್ಲಿ ಇತ್ತೀಚಿನವು, ತಳದಲ್ಲಿ ಹಳೆಯವು. ಒಂದೊಂದಾಗಿ ಹಾಸಿ ಎಳೆಯುತ್ತ ಹೋದ ಹಾಗೆ ನನಗೆ ಬೇರೊಂದು ಮೋಜು ಕಾಣತೊಡಗಿತು. ಮನೆ ಅದೇ, ಹೊಲ ಅದೇ, ಹೊಲದ ಬದಿಯ ಬೇವಿನ ಮರವೂ ಬಹುಶಃ ಅದೇ. ವಿಳಾಸ ಮಾತ್ರ ಕೂತಲ್ಲಿ ಕೂರುತ್ತಿರಲಿಲ್ಲ. ಮೇಲಿನ ಪದರದಲ್ಲಿ ಜಿಲ್ಲೆ ಹಾವೇರಿ. ಸ್ವಲ್ಪ ಕೆಳಗೆ, 1997ಕ್ಕೆ ಹಿಂದಿನವುಗಳಲ್ಲಿ ಜಿಲ್ಲೆ ಧಾರವಾಡ. ಇನ್ನೂ ಕೆಳಗೆ ಇಳಿದರೆ ರಾಜ್ಯ ಕರ್ನಾಟಕ ಇದ್ದದ್ದು ಮೈಸೂರು ಆಗುತ್ತದೆ, 1956ರ ಆಚೆಗೆ ಮೈಸೂರೂ ಹೋಗಿ ಮುಂಬೈ ಬರುತ್ತದೆ. ತೀರ ತಳದ, ಮಡಿಕೆಯಲ್ಲಿ ಹರಿಯುವುದಕ್ಕೆ ಸಿದ್ಧವಾದ ಕಾಗದಗಳಲ್ಲಿ ತಾಲೂಕೇ ಬೇರೆ: ಕೋಡ ತಾಲೂಕು. ಬ್ರಿಟಿಷರ ಕಾಲದಲ್ಲಿ ಈ ತಾಲೂಕಿನ ಹೆಸರು ಕೋಡ, ಕಚೇರಿ ಇದ್ದದ್ದು ಮಾತ್ರ ಹಿರೇಕೆರೂರಿನಲ್ಲಿ. ಹೆಸರು ಒಂದೂರಿಗೆ, ಸಾಹೇಬರು ಇನ್ನೊಂದೂರಿಗೆ. ಈಗಲೂ ಕೋಡದವರ ಹತ್ತಿರ ಈ ಮಾತು ತೆಗೆದರೆ ಚಹಾ ಬರುವುದು ತಡವಾಗುತ್ತದೆ.

ಇತ್ತೀಚೆಗೆ ರಟ್ಟೀಹಳ್ಳಿ ಬೇರೆ ತಾಲೂಕಾಯಿತು. ಅದರ ಜೊತೆಗೆ ಮಾಸೂರೂ ಹೋಯಿತು. ಸರ್ವಜ್ಞ ನಮ್ಮ ತಾಲೂಕಿನವನೆಂದು ಎದೆ ತಟ್ಟಿಕೊಳ್ಳುತ್ತಿದ್ದವರಿಗೆ ಇದರಿಂದ ಸ್ವಲ್ಪ ಪೇಚಾಯಿತು. ಅಬ್ಬಲೂರಿನ ನಂಟು ಹಿಡಿದು ನಾವೂ, ಮಾಸೂರನ್ನು ಹಿಡಿದು ಅವರೂ, ಇಬ್ಬರೂ ಹಕ್ಕು ಬಿಟ್ಟಿಲ್ಲ. ಮನೆಮಠವನ್ನೇ ಲೆಕ್ಕಕ್ಕಿಡದೆ ಊರೂರು ಅಲೆದವನ ಕಾಯಂ ವಿಳಾಸಕ್ಕಾಗಿ ಎರಡು ತಾಲೂಕು ತಕರಾರು ಮಾಡುವುದನ್ನು ಕಂಡಿದ್ದರೆ ಅವನು ಏನೆನ್ನುತ್ತಿದ್ದನೋ. ಅಂದಿದ್ದರೂ ಮೂರೇ ಸಾಲಿನಲ್ಲಿ ಮುಗಿಸುತ್ತಿದ್ದ.

ಛಾಪಾ ಕಾಗದಗಳ ಗಮ್ಮತ್ತೇ ಬೇರೆ. ಸ್ವಾತಂತ್ರ್ಯಕ್ಕೆ ಮುಂಚಿನವುಗಳ ನೆತ್ತಿಯ ಮೇಲೆ ಬ್ರಿಟಿಷ್ ರಾಜ ಕೂತಿದ್ದಾನೆ, ಅವನ ಕೆಳಗೆ ನಮ್ಮ ಮುತ್ತಜ್ಜನ ಎಡಗೈ ಹೆಬ್ಬೆಟ್ಟು. ಲಂಡನ್ನಿಗೂ ನಮ್ಮ ಮನೆತನಕ್ಕೂ ಇದ್ದ ಸಂಬಂಧ ಅಷ್ಟೇ, ಒಂದು ಗೇಣಿನ ಅಂತರದ್ದು. ಈ ಹಾಳೆಗಳನ್ನು ಬೆಳಕಿಗೆ ಹಿಡಿದರೆ ಒಳಗೆ ನೀರಿನಲ್ಲಿ ಬರೆದ ಹಾಗೆ ಮುದ್ರೆ ಕಾಣುತ್ತದೆ. ಲಟ್ಟಣಿಗೆಗೆ ಅದು ಕಾಣುವುದಿಲ್ಲ. ಅದರ ಬೆಳಕು ಮೇಲಿನಿಂದ ಬಿದ್ದು ಮೇಲಕ್ಕೇ ಹಿಂತಿರುಗುವುದರಿಂದ, ಕಾಗದದ ಹೊಟ್ಟೆಯೊಳಗೆ ಇರುವುದು ಹಾಗೇ ಉಳಿದುಬಿಡುತ್ತದೆ. ಉಬ್ಬು ಮುದ್ರೆಯೂ ಅಷ್ಟೇ, ಬೆರಳಿಗೆ ಸಿಗುತ್ತದೆ, ಚಿತ್ರಕ್ಕೆ ಸಿಗದು. ದೊಡ್ಡಪ್ಪನಿಗೆ ಇದನ್ನು ವಿವರಿಸಿದಾಗ ಮೊದಲ ಸಲ ಅವರ ಮುಖದಲ್ಲಿ ಸಮಾಧಾನ ಮೂಡಿತು. 'ಅಂದರ ಅಸಲಿ ನಮ್ಮ ಹತ್ತಿರನ ಉಳೀತು' ಎಂದರು. ಆಮೇಲೆ ಕಾಗದ ತೆಗೆದುಕೊಡುವುದರಲ್ಲಿ ಅವರೇ ಮುಂದಾದರು.

ತಳದಲ್ಲಿ ಕೆಲವು ಮೋಡಿ ಲಿಪಿಯವು ಸಿಕ್ಕವು. ಮುಂಬೈ ಸರಕಾರದ ಕಾಲದಲ್ಲಿ ನಮ್ಮ ಕಡೆಯ ಲೆಕ್ಕಪತ್ರ ಬಹಳ ದಿನ ಮರಾಠಿಯಲ್ಲಿ, ಮೋಡಿ ಅಕ್ಷರದಲ್ಲಿ ನಡೆದದ್ದು. ಲೇಖನಿ ಎತ್ತದೆ ಬರೆಯುವ ಅಕ್ಷರ ಅದು. ಬರೆದವನಿಗೆ ವೇಗ, ಓದುವವನಿಗೆ ಶಿಕ್ಷೆ. ಊರಿನಲ್ಲಿ ಈಗ ಅದನ್ನು ಓದುವವರಿಲ್ಲ. ಹಾಗೆಂದು ಆ ಕಾಗದಗಳ ಮಾನ ಕಡಿಮೆಯಾಗಿಲ್ಲ, ಉಲ್ಟಾ ಹೆಚ್ಚಾಗಿದೆ. ಓದಲು ಬರುವ ಕಾಗದದಲ್ಲಿ ಎಷ್ಟು ಎಕರೆ ಇದೆಯೋ ಅಷ್ಟೇ ಇರುತ್ತದೆ. ಓದಲು ಬಾರದ ಕಾಗದದಲ್ಲಿ ಎಷ್ಟು ಬೇಕಾದರೂ ಇರಬಹುದು. ಮದಗದ ಕೆರೆಯ ಕೆಳಗಿನ ಗದ್ದೆಯೆಲ್ಲ ಒಂದು ಕಾಲಕ್ಕೆ ನಮ್ಮದೇ ಇತ್ತೆಂದು ನಮ್ಮ ಮನೆತನದಲ್ಲಿ ನಡೆದುಬಂದ ಮಾತಿಗೆ ಆಧಾರ ಆ ಮೋಡಿಯ ಹಾಳೆಗಳೇ. ಚಿತ್ರ ತೆಗೆದುಕೊಂಡು ಧಾರವಾಡದಲ್ಲಿ ಬಲ್ಲವರೊಬ್ಬರಿಗೆ ತೋರಿಸಲೇ ಎಂದು ಕೇಳಿದೆ. 'ಬ್ಯಾಡ, ಇರಲಿ ಬಿಡು' ಎಂದರು ದೊಡ್ಡಪ್ಪ. ಅನುಭವಸ್ಥರು.

ಸರಕಾರವೂ ತನ್ನ ಟ್ರಂಕು ತೆರೆದದ್ದುಂಟು. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಕೈಬರಹದ ಉತಾರದ ಕಾಲ ಮುಗಿಯಿತು. ಅದು ನೋಡಿ ಬೆರಳಚ್ಚು ಮಾಡಿದ ಕೆಲಸ. ಮೂಲವನ್ನು ಒಬ್ಬ ಓದಿ, ತಿಳಿದಷ್ಟು ಒತ್ತಬೇಕು. ನಡುವೆ ಎಷ್ಟೋ ಬಸಪ್ಪಗಳು ಬಸವ್ವಗಳಾಗಿ, ತಂದೆ ಮಗನಾಗಿ, ಸತ್ತವರು ಎದ್ದು, ಇದ್ದವರು ಅಳಿಸಿಹೋದರು. ಅಂಥ ತಿದ್ದುಪಡಿಗೆ ಅಲೆದವರು ನಮ್ಮಲ್ಲಿ ಮನೆಗೊಬ್ಬರು. ಈಚಿನ ವರ್ಷಗಳಲ್ಲಿ ಕಂದಾಯ ಇಲಾಖೆ 'ಭೂ ಸುರಕ್ಷಾ' ಎಂಬ ಹೆಸರಿನಲ್ಲಿ ತಾಲೂಕು ಕಚೇರಿಗಳ ಅಭಿಲೇಖಾಲಯದ ಹಳೆಯ ಕಾಗದಗಳನ್ನೇ ಸ್ಕ್ಯಾನ್ ಮಾಡಲು ಹೊರಟಿದೆ. ಇದು ಹೆಚ್ಚು ಜಾಣತನದ ಕೆಲಸ. ಸ್ಕ್ಯಾನರ್ ಓದುವುದಿಲ್ಲ, ಆದ್ದರಿಂದ ತಪ್ಪಾಗಿಯೂ ಓದುವುದಿಲ್ಲ. ಶಾಯಿ ಚೆಲ್ಲಿದ್ದರೆ ಚೆಲ್ಲಿದ್ದನ್ನೇ ಕೊಡುತ್ತದೆ. ಇಲಿ ಕಡಿದಿದ್ದರೆ ಇಲಿಯ ಹಲ್ಲಿನ ಗುರುತಿನ ಸಮೇತ ಕೊಡುತ್ತದೆ.

ಓದದೆ ನಕಲು ಮಾಡುವುದರ ಬೆಲೆ ನಮ್ಮ ಸೀಮೆಗೆ ಹೊಸದಾಗಿ ಯಾರೂ ಹೇಳಿಕೊಡಬೇಕಾಗಿಲ್ಲ. ಹತ್ತಿರದ ಅಬ್ಬಲೂರಿಗೆ ಹೋಗಿ ನೋಡಿ. ಅಲ್ಲಿನ ಸೋಮೇಶ್ವರ ದೇವಸ್ಥಾನದಲ್ಲಿ ಏಕಾಂತದ ರಾಮಯ್ಯನ ಕಥೆ ಹೇಳುವ ಶಾಸನವಿದೆ, 1200ರ ಸುಮಾರಿನದು. ಹತ್ತೊಂಬತ್ತನೆಯ ಶತಮಾನದಲ್ಲಿ ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಅಧಿಕಾರಿ ಇಂಥ ಕಲ್ಲುಗಳ ಬೆನ್ನು ಹತ್ತಿದ. ಅಬ್ಬಲೂರಿನ ಶಾಸನಗಳನ್ನು ಅವನು 'ಎಪಿಗ್ರಾಫಿಯಾ ಇಂಡಿಕಾ'ದ ಐದನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ. ಕಲ್ಲನ್ನು ಎತ್ತಿಕೊಂಡು ಮುಂಬೈಗೆ ಹೋಗುವಂತಿಲ್ಲ. ಹಾಗಾಗಿ ಶಾಸನದವರು ಕಾಗದವನ್ನೇ ಕಲ್ಲಿನ ಹತ್ತಿರ ಒಯ್ಯುತ್ತಾರೆ. ಕಲ್ಲನ್ನು ತಿಕ್ಕಿ ತೊಳೆದು, ಒದ್ದೆ ಕಾಗದ ಹಾಸಿ, ಅಕ್ಷರದ ತಗ್ಗಿನೊಳಗೆ ಕಾಗದ ಇಳಿಯುವ ತನಕ ಬ್ರಷ್ಷಿನಿಂದ ಬಡಿದು, ಮೇಲೆ ಶಾಯಿ ತಟ್ಟುತ್ತಾರೆ. ತಗ್ಗಿನಲ್ಲಿದ್ದ ಅಕ್ಷರ ಬೆಳ್ಳಗೆ ಉಳಿಯುತ್ತದೆ, ಉಳಿದದ್ದೆಲ್ಲ ಕಪ್ಪು. ಇದಕ್ಕೆ ಪಡಿಯಚ್ಚು ಎನ್ನುತ್ತಾರೆ. ಪಡಿಯಚ್ಚು ತೆಗೆಯುವವನಿಗೆ ಹಳಗನ್ನಡ ಬರಲೇಬೇಕೆಂದಿಲ್ಲ. ಕೈ ಹದವಾಗಿದ್ದರೆ ಸಾಕು. ಓದುವ ಜಗಳವನ್ನು ಪಂಡಿತರು ಮುಂದಿನ ನೂರು ವರ್ಷ ಮಾಡಿಕೊಳ್ಳಬಹುದು.

ಆ ಶಾಸನದ ಒಳಗಿನ ಕಥೆಯಲ್ಲಿ ನನಗೆ ಅಚ್ಚುಮೆಚ್ಚಾದ ಭಾಗ ಶಿರಸ್ಸು ಕಡಿದುಕೊಂಡದ್ದಲ್ಲ. ರಾಮಯ್ಯ ತಲೆ ಕಡಿದು ಶಿವನಿಗೆ ಒಪ್ಪಿಸಿ ಮತ್ತೆ ಪಡೆಯುತ್ತೇನೆ ಎಂದು ಪಂಥ ಹಾಕುತ್ತಾನೆ. ಸೋತರೆ ನೀವೇನು ಮಾಡುತ್ತೀರಿ ಎಂಬುದನ್ನು ಎದುರಾಳಿಗಳಿಂದ ಮೊದಲು ಓಲೆಯ ಮೇಲೆ ಬರೆಸಿಕೊಳ್ಳುತ್ತಾನೆ. ತಲೆ ತಿರುಗಿ ಬಂದ ಮೇಲೆ ತಕರಾರು ಬಿಜ್ಜಳನ ಮುಂದೆ ಹೋದಾಗ ಆ ಓಲೆಯನ್ನೇ ತೋರಿಸುತ್ತಾನೆ. ಕಡೆಗೆ ದೊರೆಯಿಂದ ಜಯಪತ್ರವನ್ನೂ ಪಡೆಯುತ್ತಾನೆ. ತಲೆ ಹೋಗುವ ವಿಷಯವಾದರೂ ಸರಿ, ಬರವಣಿಗೆಯಲ್ಲಿ ಇರಲಿ ಎನ್ನುವ ಸ್ವಭಾವ ನಮ್ಮ ಮಣ್ಣಿನಲ್ಲಿ ಎಂಟು ನೂರು ವರ್ಷದಿಂದ ಇದೆ. ದೊಡ್ಡಪ್ಪನ ಟ್ರಂಕನ್ನು ನೋಡಿ ನಗುವವರು ಇದನ್ನು ತಿಳಿದು ನಗಬೇಕು.

ಅದೇ ಸೀಮೆಗೆ ಸೇರಿದ ಸರ್ವಜ್ಞನ ವಚನಗಳಿಗೆ ಕಲ್ಲಿನ ಭಾಗ್ಯವಿರಲಿಲ್ಲ. ಓಲೆಗರಿಯಲ್ಲಿ ಅಷ್ಟಿಷ್ಟು, ಕೈಬರಹದ ಪುಸ್ತಕಗಳಲ್ಲಿ ಅಷ್ಟಿಷ್ಟು, ಜನರ ನಾಲಿಗೆಯ ಮೇಲೆ ಬಹಳಷ್ಟು. ಧಾರವಾಡದಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಅವನ್ನು ಬೆನ್ನಟ್ಟಿ ಸಂಗ್ರಹಿಸಿ, ಕೈಯಿಂದಲೇ ನಕಲು ಮಾಡಿ, 1924ರಲ್ಲಿ ಪುಸ್ತಕವಾಗಿ ಹೊರತಂದರು. ಕ್ರೈಸ್ತ ಪಾದ್ರಿಯೊಬ್ಬರು ಯಾರದೋ ಮನೆಯ ಪಡಸಾಲೆಯಲ್ಲಿ ಕೂತು ಯಾರದೋ ಗಂಟಿನ ಓಲೆ ನೋಡುವುದನ್ನು ಕಲ್ಪಿಸಿಕೊಂಡಾಗಲೆಲ್ಲ, ಪಕ್ಕದಲ್ಲಿ ಒಬ್ಬ ದೊಡ್ಡಮ್ಮ ಗೋಡೆಗೆ ಬೆನ್ನು ಹಚ್ಚಿ ಕಾವಲು ಕೂತದ್ದೂ ನನಗೆ ಕಾಣುತ್ತದೆ. ಅವರ ಕೈಯಲ್ಲಿ ಲಟ್ಟಣಿಗೆ ಇದ್ದಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತೆಂದು ಒಮ್ಮೆ ಅನಿಸಿತ್ತು. ಈಗ ಹಾಗೆ ಅನಿಸುವುದಿಲ್ಲ. ಮೊದಲನೆಯದಾಗಿ ಓಲೆಗರಿಯ ಮೇಲೆ ಈ ಗಾಲಿ ಓಡಿಸಬಾರದು, ಒಣಗಿದ ಗರಿ ಸೀಳುತ್ತದೆ. ಎರಡನೆಯದಾಗಿ, ನಾಲಿಗೆಯ ಮೇಲಿದ್ದುದನ್ನು ಯಾವ ಗಾಲಿ ಉರುಳಿಸಿ ತೆಗೆಯುವುದು?

ಫೋನಿನಲ್ಲೇ ಎಲ್ಲ ಆಗುತ್ತದೆ ಎನ್ನುವವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. 2020ರ ಜೂನ್ ಕೊನೆಯಲ್ಲಿ ಸರಕಾರ ಚೀನಾದ 59 ಆ್ಯಪುಗಳನ್ನು ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಟಿಕ್‌ಟಾಕಿನ ಜೊತೆ ಕ್ಯಾಮ್‌ಸ್ಕ್ಯಾನರೂ ಇತ್ತು. ಆ್ಯಪು ಹೋದರೂ ಹೆಸರು ಹೋಗಲಿಲ್ಲ. ಈಗಲೂ ನಮ್ಮ ಕಡೆ ಮಾಸ್ತರರು 'ಕ್ಯಾಮ್‌ಸ್ಕ್ಯಾನರ್ ಮಾಡಿ ಗ್ರೂಪಿಗೆ ಹಾಕ್ರಿ' ಎಂದೇ ಹೇಳುವುದು. ಆದರೆ ಫೋನು ಎತ್ತರದಲ್ಲಿ ನಿಂತು ನೋಡುತ್ತದೆ. ಅದರ ಚಿತ್ರದಲ್ಲಿ ಕಾಗದದ ಜೊತೆಗೆ ಹಿಡಿದವನ ನೆರಳು, ಚಾಪೆಯ ಅಂಚು, ಒಮ್ಮೊಮ್ಮೆ ಬೆಕ್ಕಿನ ಬಾಲ ಕೂಡ ಬರುತ್ತದೆ. ಲಟ್ಟಣಿಗೆ ಕಾಗದಕ್ಕೆ ಎದೆ ಹಚ್ಚಿ ನಡೆಯುವುದರಿಂದ ನೆರಳಿಗೆ ಜಾಗವಿಲ್ಲ, ತುದಿಯೂ ನಡುವೂ ಒಂದೇ ಅಳತೆ. ಅದರ ದೋಷವೂ ಅಲ್ಲೇ ಇದೆ: ಕಾಗದ ಅದರಿಂದ ಒಂದೆರಡು ಮಿಲಿಮೀಟರು ದೂರವಾದರೂ ಮಬ್ಬು. ದಪ್ಪ ಪುಸ್ತಕದ ನಡುವಿನ ಕಣಿವೆಗೆ ಇಳಿಯುವ ಸಾಲುಗಳೆಲ್ಲ ಮಂಜಿನೊಳಗೆ ಹೋಗುತ್ತವೆ.

ಈ ದೋಷ ನಮಗೆ ಚೆನ್ನಾಗಿ ತಿಳಿದದ್ದು ಫೋಟೋಗಳಿಗೆ ಕೈ ಹಾಕಿದಾಗ. ನಮ್ಮ ಕಡೆಯ ಮನೆಗಳಲ್ಲಿ ಫೋಟೋ ಇರುವುದು ಮಾಳಿಗೆಯ ತೊಲೆಗೆ ತಾಗುವಷ್ಟು ಎತ್ತರದಲ್ಲಿ, ಮುಂದಕ್ಕೆ ವಾಲಿ, ಪಡಸಾಲೆಯಲ್ಲಿ ಏನು ನಡೆದಿದೆ ಎಂದು ಹಿರಿಯರು ಬಗ್ಗಿ ನೋಡುವ ಹಾಗೆ. ಇಳಿಸಿದರೆ ಹಿಂದಿನಿಂದ ಹಲ್ಲಿ, ಜೇಡ, ಗುಬ್ಬಿಗೂಡಿನ ಹುಲ್ಲು. ಹಿರೇಕೆರೂರು ಅರೆಮಲೆನಾಡು, ಮಳೆಗಾಲದ ಥಂಡಿಗೆ ಚಿತ್ರ ಹೋಗಿ ಗಾಜಿಗೇ ಅಂಟಿಕೊಂಡಿರುತ್ತದೆ. ಎಳೆದು ಬಿಡಿಸಲು ಹೋದರೆ ಅಜ್ಜನ ಮುಖ ಗಾಜಿಗೆ, ರುಮಾಲು ಕಾಗದಕ್ಕೆ. ಗಾಜಿನ ಮೇಲಿಂದಲೇ ಎಳೆದರೆ ಗಾಜಿನ ದಪ್ಪವೇ ಅಡ್ಡ ಬಂದು ಅಜ್ಜ ಮಬ್ಬಾಗುತ್ತಾನೆ. ಅಂಥಲ್ಲಿ ಲಟ್ಟಣಿಗೆ ಬದಿಗಿಟ್ಟು, ಕಟ್ಟಿಗೆಯ ಚೌಕಟ್ಟನ್ನು ಅಂಗಳಕ್ಕೆ ತಂದು, ನೆರಳಿನಲ್ಲಿಟ್ಟು ಫೋನನ್ನೇ ಬಳಸಬೇಕು. ಎರಡು ಹತಾರಗಳಿಗೂ ಮನೆಯಲ್ಲಿ ಕೆಲಸವಿದೆ.

ಬಿಡಿ ಫೋಟೋಗಳು ಮಾತ್ರ ಲಟ್ಟಣಿಗೆಗೆ ಹೇಳಿ ಮಾಡಿಸಿದ್ದು. ಸ್ಟುಡಿಯೋದ ಪರದೆಯ ಮೇಲೆ ಬರೆದ ತೋಟ, ಅದರ ಮುಂದೆ ಅಂಗಿಯ ತೋಳು ಮೇಲೆಳೆದು ಕೈಗಡಿಯಾರ ಕಾಣಿಸುವ ಹಾಗೆ ಕೂತ ಚಿಕ್ಕಪ್ಪ. ತೊಡೆಯ ಮೇಲೆ ರೇಡಿಯೋ ಇಟ್ಟುಕೊಂಡ ಹೊಸ ಅಳಿಯ. ಇನ್ನೊಂದು ಬಗೆಯ ಚಿತ್ರವನ್ನು ಹೊರಗಿನವರು ಕಂಡರೆ ಬೆಚ್ಚುತ್ತಾರೆ. ನಮ್ಮ ಲಿಂಗಾಯತ ಮನೆಗಳಲ್ಲಿ ತೀರಿಕೊಂಡವರನ್ನು ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಸುತ್ತ ಮನೆಮಂದಿಯೆಲ್ಲ ನಿಂತು ತೆಗೆಸಿದ ಫೋಟೋ ಅದು. ಎಷ್ಟೋ ಮುತ್ತಜ್ಜಂದಿರದು ಅದೊಂದೇ ಚಿತ್ರ. ಬದುಕಿದ್ದಾಗ ಫೋಟೋಕ್ಕೆ ದುಡ್ಡು ಹಾಕುವ ಜಾಯಮಾನ ಅವರದಲ್ಲ. ಆಮೇಲೆ ಬೇಡ ಎನ್ನಲು ಅವರಿರಲಿಲ್ಲ. ಆ ಚಿತ್ರಗಳಲ್ಲಿ ಅಲ್ಲಾಡದೆ ಸ್ಪಷ್ಟವಾಗಿ ಬಂದವರು ಅವರೊಬ್ಬರೇ. ಉಳಿದವರೆಲ್ಲ ಅತ್ತು, ಮಿಸುಕಿ, ಮಬ್ಬಾಗಿದ್ದಾರೆ.

ಜಗತ್ತಿನಲ್ಲಿ ಮೊಟ್ಟಮೊದಲು ಕಂಪ್ಯೂಟರಿಗೆ ಸ್ಕ್ಯಾನ್ ಮಾಡಿ ತುಂಬಿದ ಚಿತ್ರವೂ ಮನೆಯ ಫೋಟೋವೇ. 1957ರಲ್ಲಿ ಅಮೆರಿಕದ ರಸೆಲ್ ಕಿರ್ಶ್ ಎಂಬ ವಿಜ್ಞಾನಿ ತನ್ನ ಮೂರು ತಿಂಗಳ ಮಗನ ಚಿತ್ರವನ್ನು ತಿರುಗುವ ಉರುಳೆಗೆ ಸುತ್ತಿ ಯಂತ್ರಕ್ಕೆ ಓದಿಸಿದ. ಐದು ಸೆಂಟಿಮೀಟರಿನ ಚೌಕ, ಅಡ್ಡಕ್ಕೆ 176, ಉದ್ದಕ್ಕೆ 176 ಚುಕ್ಕಿ. ಒಟ್ಟು 31 ಸಾವಿರಕ್ಕೂ ಕಡಿಮೆ. ಸರಕಾರಿ ಪ್ರಯೋಗಾಲಯ, ಕೋಣೆ ತುಂಬುವ ಕಂಪ್ಯೂಟರು, ಏನು ಬೇಕಾದರೂ ತುಂಬಬಹುದಿತ್ತು. ಅವನ ಜೇಬಿನಲ್ಲಿದ್ದದ್ದು ಕೂಸಿನ ಫೋಟೋ. ಅಪ್ಪಂದಿರು ಎಲ್ಲ ಕಡೆಯೂ ಒಂದೇ.

ನಮ್ಮ ಮನೆತನದಲ್ಲೂ ಕಡೆಗೆ ರಾಮಾಯಣ ಎಬ್ಬಿಸಿದ್ದು ಒಂದು ಕೂಸಿನ ಫೋಟೋವೇ. ಹೊಸ್ತಿಲು ದಾಟಬಾರದೆಂದು ಅಷ್ಟು ಕಾವಲಿದ್ದ ಟ್ರಂಕಿನ ಸರಕು, ಮೆಮೊರಿ ಕಾರ್ಡಿನಿಂದ ಫೋನಿಗೆ ಬಂದ ಸಂಜೆಯೇ ಮನೆತನದ ವಾಟ್ಸ್ಯಾಪ್ ಗುಂಪಿಗೆ ಹೋಯಿತು. ಕಳಿಸಿದವರು ದೊಡ್ಡಪ್ಪನೇ. ವಾಟಣಿ ಪತ್ರ ಹುಬ್ಬಳ್ಳಿಗೆ ಹೋಯಿತು, ಪುಣೆಗೆ ಹೋಯಿತು, ರಾತ್ರಿಯೊಳಗೆ ಮಸ್ಕತ್ತಿನಲ್ಲಿರುವ ಮೊಮ್ಮಗನಿಗೂ ಮುಟ್ಟಿತು. ಅದರ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಖರೇದಿ ಪತ್ರಕ್ಕೆ ನಾಲ್ಕು ಜನ ಕೈ ಮುಗಿಯುವ ಚಿತ್ರ ಒತ್ತಿದರು. ಅಷ್ಟು ವರ್ಷ ಕಾದಿಟ್ಟ ಹೊಲಮನೆಯ ಕಾಗದಕ್ಕೆ ಬಂದ ಮರ್ಯಾದೆ ಇಷ್ಟೇ.

ಆಮೇಲೆ ಬಂತು ಕೂಸಿನ ಫೋಟೋ. ದೊಡ್ಡಮ್ಮನ ಅತ್ತೆ ಕುರ್ಚಿಯ ಮೇಲೆ, ಮಡಿಲಲ್ಲಿ ಕುಂಚಿಗೆ ಹಾಕಿಕೊಂಡ ದುಂಡು ಕೂಸು, ಹಣೆಯ ಮೇಲೆ ಕಾಸಿನಗಲ ಕಪ್ಪು ಬೊಟ್ಟು. ಪುಣೆಯ ಸೋದರತ್ತೆ ಕೂಡಲೇ 'ಅದು ನಾನು' ಎಂದು ಬರೆದಳು. ಕುಂಚಿಗೆ ಆಕೆಯ ತವರಿನದಂತೆ, ನೆನಪಿದೆಯಂತೆ. ಹುಬ್ಬಳ್ಳಿಯ ಕಾಕಾ ಒಪ್ಪಲಿಲ್ಲ. ಎಡಗಿವಿ ನೋಡ್ರಿ, ನನ್ನ ಕಿವಿ ಇದು ಎಂದು ಈಗಿನ ತಮ್ಮ ಕಿವಿಯ ಫೋಟೋ ತೆಗೆದು ಹಾಕಿದರು. ಇತ್ತ ದೊಡ್ಡಪ್ಪ ಬರೆಯಲು ಬಾರದ್ದರಿಂದ ಧ್ವನಿ ಸಂದೇಶ ಕಳಿಸಿದರು: 'ಅವ್ವ ತೊಡಿ ಮ್ಯಾಲೆ ಕುಂದ್ರಿಸಿಕೊಂಡಿದ್ದು ನನ್ನೊಬ್ಬನ್ನ. ನಿಮ್ಮನ್ನೆಲ್ಲ ನೆಲಕ್ಕ ಬಿಟ್ಟಿದ್ದಳು.' ಗುಂಪು ಅಂದಿನಿಂದ ಮೂರು ಪಕ್ಷವಾಯಿತು. ಮಸ್ಕತ್ತಿನ ಮೊಮ್ಮಗ ಚಿತ್ರವನ್ನು ಹಿಗ್ಗಿಸಿ, ಕಿವಿಗೆ ಕಿವಿ ಜೋಡಿಸಿ ನೋಡಿ, ಯಾವ ಕಡೆ ಹೇಳಿದರೂ ಕಷ್ಟವೆಂದು ಸುಮ್ಮನಾದ.

ಫೋಟೋದ ಮುಂಭಾಗದ ಮೇಲೆ ಯಂತ್ರ ಎಳೆದಿದ್ದೆವು. ಹಿಂಭಾಗ ಯಾರೂ ನೋಡಿರಲಿಲ್ಲ. ಹಳೆಯ ಫೋಟೋಗಳ ಮುಕ್ಕಾಲು ಸಮಾಚಾರ ಇರುವುದು ಬೆನ್ನಿನ ಮೇಲೆ: ಸ್ಟುಡಿಯೋದ ಮುದ್ರೆ, ಪೆನ್ಸಿಲ್ಲಿನಲ್ಲಿ ಬರೆದ ಹೆಸರು, ಒಮ್ಮೊಮ್ಮೆ ಸಂತೆಯ ಲೆಕ್ಕ. ಮತ್ತೆ ದೊಡ್ಡಮ್ಮನ ಕಾಲು ಹಿಡಿದು, ಕೀಲಿ ತೆಗೆಸಿ, ಫೋಟೋ ಮಗುಚಿ ಹಾಕಿ ಒಂದು ಸಲ ಎಳೆದೆ. ಮಾಸಿದ ನೇರಳೆ ಶಾಯಿಯಲ್ಲಿ ರಾಣೆಬೆನ್ನೂರಿನ ಸ್ಟುಡಿಯೋದ ಗುಂಡು ಮುದ್ರೆ, ಅದರ ಕೆಳಗೆ ಇಸವಿ. ಮೂವರಲ್ಲಿ ಹಿರಿಯರಾದ ದೊಡ್ಡಪ್ಪ ಹುಟ್ಟುವುದಕ್ಕೂ ಮುಂಚಿನ ಇಸವಿ.

ಅದನ್ನೂ ಗುಂಪಿಗೆ ಹಾಕಿದೆ. ಅರ್ಧ ತಾಸು ಯಾರೂ ಮಾತಾಡಲಿಲ್ಲ. ಆಮೇಲೆ ಪುಣೆಯಿಂದ ಮೊದಲು ಬಂತು, ಅದರ ಬೆನ್ನಿಗೆ ಹುಬ್ಬಳ್ಳಿಯಿಂದ, ಕಡೆಗೆ ದೊಡ್ಡಪ್ಪನ ಧ್ವನಿ ಸಂದೇಶ. ಇಷ್ಟು ದಿನ ಒಂದು ಮಾತಿಗೂ ಒಪ್ಪದ ಮೂವರು ಈ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಿದ್ದರು: ಆ ಸ್ಟುಡಿಯೋದವನ ಮುದ್ರೆ ತಪ್ಪು.